ಆಲೆಮನೆಯ ವಾಸನೆ

ಮಗುವೊಂದರ ಚಿಕಿತ್ಸೆಗೆ ಕೋಟಿಗಟ್ಟಲೆ ಹಣ ಬೇಕೆಂದು ಪತ್ರಿಕೆಯಲ್ಲಿ ಮನವಿ ಬಂದಾಗಲೆಲ್ಲ ನನಗೆ ಒಂದೇ ಬಗೆಯ ಪತ್ರಗಳು ಬರುತ್ತವೆ. ‘ಡಾಕ್ಟ್ರೇ, ಈ ಅಪರೂಪದ ಕಾಯಿಲೆ ಅಂತಾರಲ್ಲ, ನಮ್ಮ ಮಗುವಿಗೆ ಅದು ಇದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ಲಕ್ಷಣಗಳನ್ನು ಪಟ್ಟಿ ಮಾಡಿ ಬರೆಯಿರಿ.’ ಪಟ್ಟಿ ಮಾಡಲು ಕೂತರೆ ಎರಡು ಕಷ್ಟ. ಹುಟ್ಟಿನಿಂದಲೇ ಬರುವ ಚಯಾಪಚಯ ದೋಷಗಳು ಸಾವಿರಕ್ಕೂ ಮಿಕ್ಕಿವೆ ಎಂಬುದು ಒಂದು. ಹಾಲು ಕುಡಿಯದಿರುವುದು, ವಾಂತಿ, ಮಂಪರು ಎಂದು ಬರೆದುಬಿಟ್ಟರೆ ನಾಡಿನ ಅರ್ಧ ತಾಯಂದಿರು ಅಂದೇ ರಾತ್ರಿ ನಿದ್ದೆಗೆಡುತ್ತಾರೆ ಎಂಬುದು ಇನ್ನೊಂದು. ಅದಕ್ಕೇ ಇವತ್ತು ಒಂದೇ ಕಾಯಿಲೆಯ ಮಾತು. ಅದಕ್ಕೊಂದು ವಾಸನೆ ಇದೆ, ಆ ವಾಸನೆಯನ್ನು ನಾನೊಮ್ಮೆ ತಳ್ಳಿಹಾಕಿದ್ದೆ.

ಇಪ್ಪತ್ತೈದು ವರ್ಷದ ಹಿಂದೆ ಮಂಡ್ಯ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಹಿಂದುಗಡೆ ಎರಡು ಗದ್ದೆ ದಾಟಿದರೆ ಆಲೆಮನೆ. ಗಾಳಿ ತಿರುಗಿದಾಗ ಕಬ್ಬಿನ ಹಾಲು ಕುದಿಯುವ ವಾಸನೆ ವಾರ್ಡಿನೊಳಕ್ಕೇ ಬರುತ್ತಿತ್ತು. ಒಂದು ಸಂಜೆ ಐದು ದಿನದ ಗಂಡುಮಗುವನ್ನು ಸೆರಗಲ್ಲಿ ಸುತ್ತಿಕೊಂಡು ಅಜ್ಜಿಯೊಬ್ಬರು ಬಂದರು. ಹಿಂದೆಯೇ ಕಿವಿಗೆ ಹತ್ತಿ ಇಟ್ಟು ತಲೆಗೆ ಬಟ್ಟೆ ಕಟ್ಟಿದ್ದ ಬಾಣಂತಿ. ಹುಟ್ಟಿದಾಗ ಮಗು ಗುಂಡುಗುಂಡಗಿತ್ತಂತೆ, ಚೆನ್ನಾಗಿ ಅತ್ತಿತ್ತು, ಎರಡು ದಿನ ಚೆನ್ನಾಗಿಯೇ ಹಾಲು ಎಳೆದಿತ್ತು. ಮೂರನೇ ದಿನ ಮೊಲೆ ಕಚ್ಚಿ ಕಚ್ಚಿ ಬಿಡತೊಡಗಿತು. ನಾಲ್ಕನೇ ದಿನ ಅಂಗಾಲು ತಟ್ಟಿ ಎಬ್ಬಿಸಿದರೂ ಏಳಲೊಲ್ಲದು. ಐದನೇ ದಿನಕ್ಕೆ ಒಂದು ಥರದ ಕೀರಲು ಅಳು, ನಡುನಡುವೆ ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಸೆಟೆಯುವುದು. ಮೈ ಮುಟ್ಟಿದರೆ ಜ್ವರವಿಲ್ಲ.

ಯಾವ ಮಕ್ಕಳ ವೈದ್ಯನಾದರೂ ಮೊದಲು ಯೋಚಿಸುವುದು ರಕ್ತದ ನಂಜನ್ನೇ. ನಾನೂ ಹಾಗೇ ಯೋಚಿಸಿ ಸೂಜಿಮದ್ದು ಶುರುಮಾಡಿದೆ. ಆಗ ಅಜ್ಜಿ ಚೀಲದಿಂದ ಮಡಚಿದ ಹಳೇ ಸೀರೆಯ ತುಂಡೊಂದನ್ನು ತೆಗೆದರು, ಮಗು ಒದ್ದೆ ಮಾಡಿದ್ದ ಬಟ್ಟೆ. ‘ಇದ ಒಸಿ ಮೂಸಿ ನೋಡಪ್ಪಾ, ಪಾಕ ಸೀದಂಗದೆ’ ಅಂದರು. ಮೂಸಿದೆ. ನಿಜವಾಗಿಯೂ ಹಾಗೇ ಇತ್ತು. ‘ಬಾಣಂತಿಗೆ ಮೆಂತ್ಯ ಕೊಡ್ತಿದ್ದೀರಲ್ಲ ಅಜ್ಜಿ, ಅದರದ್ದೇ ವಾಸನೆ. ಇಲ್ಲಾಂದ್ರೆ ಹೊರಗಡೆ ಆಲೆಮನೇದು’ ಅಂದೆ. ಅಜ್ಜಿ ನನ್ನ ಮುಖವನ್ನೇ ನೋಡಿದರು. ‘ಮೆಂತ್ಯ ಇನ್ನೂ ಮುಟ್ಟಿಸಿಲ್ಲ ಕಣಪ್ಪಾ. ಒಂಬತ್ ದಿನ ಆಗ್ಲಿ ಅಂತ ಬರೀ ಮೆಣಸಿನ ಸಾರು, ಅನ್ನ ಕೊಡ್ತಾ ಇವ್ನಿ. ಆಲೆಮನೆ ವಾಸ್ನೆ ನಂಗೊತ್ತಿಲ್ವಾ? ನಲವತ್ತು ವರ್ಸ ಅಲ್ಲೇ ಗೇದೋಳು ನಾನು.’ ಹೌದೆಂದು ತಲೆಯಾಡಿಸಿದೆ, ಮಾತು ಕಿವಿಯೊಳಗೆ ಇಳಿಯಲಿಲ್ಲ. ನಡುರಾತ್ರಿ ಮಗುವಿಗೆ ಫಿಟ್ಸ್ ಬಂತು. ಬೆಂಗಳೂರಿಗೆ ಕಳಿಸಿದೆವು. ಅಲ್ಲಿ ಮಗುವಿನ ಮೂತ್ರಕ್ಕೆ ಒಂದು ರಾಸಾಯನಿಕದ ನಾಲ್ಕು ಹನಿ ಬಿಟ್ಟರಂತೆ. ತಿಳಿಯಾಗಿದ್ದದ್ದು ಕ್ಷಣದಲ್ಲಿ ಹಳದಿಯಾಗಿ ಕದಡಿ ತಳದಲ್ಲಿ ಗಸಿ ಕೂತಿತಂತೆ. ಹನ್ನೊಂದನೇ ದಿನ ಮಗು ಹೋಯಿತು.

ಪುಸ್ತಕದಲ್ಲಿ ಈ ಕಾಯಿಲೆಯ ಹೆಸರು ಮೇಪಲ್ ಸಿರಪ್ ಯೂರಿನ್ ಡಿಸೀಸ್. ನಾನದನ್ನು ಓದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಂಡಿದ್ದೆ. ಆದರೆ ಮೇಪಲ್ ಮರವನ್ನು ಕಂಡವನಲ್ಲ, ಅದರ ಪಾಕವನ್ನು ಮೂಸಿದವನೂ ಅಲ್ಲ. 1954ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜಾನ್ ಮೆಂಕಿಸ್ ಎಂಬ ಯುವ ವೈದ್ಯರು ಸಂಗಡಿಗರ ಜೊತೆ ಒಂದು ಕುಟುಂಬದ ವೃತ್ತಾಂತ ಪ್ರಕಟಿಸಿದರು. ಅಲ್ಲಿ ಒಂದೇ ತಾಯಿಯ ನಾಲ್ಕು ಮಕ್ಕಳು ಹುಟ್ಟಿ ಮೂರು ತಿಂಗಳೊಳಗೆ ತೀರಿಕೊಂಡಿದ್ದವು, ನಾಲ್ಕರ ಮೂತ್ರಕ್ಕೂ ಅಲ್ಲಿನವರು ದೋಸೆಯಂಥ ತಿಂಡಿಯ ಮೇಲೆ ಸುರಿದುಕೊಳ್ಳುವ ಮೇಪಲ್ ಪಾಕದ ವಾಸನೆ. ಅವರಿಗೆ ಗೊತ್ತಿದ್ದ ವಾಸನೆಯ ಹೆಸರನ್ನು ಅವರು ಇಟ್ಟರು. ಇದೇ ಕಾಯಿಲೆಯನ್ನು ಮೊದಲು ಮದ್ದೂರಿನಲ್ಲೋ ಪಾಂಡವಪುರದಲ್ಲೋ ಗುರುತಿಸಿದ್ದರೆ ‘ಆಲೆಮನೆ ಕಾಯಿಲೆ’ ಎನ್ನುತ್ತಿದ್ದೆವು. ನನ್ನಂಥ ದಡ್ಡನಿಗೂ ಆ ಸಂಜೆ ಹೊಳೆದಿರುತ್ತಿತ್ತೋ ಏನೋ.

ಕಾಯಿಲೆ ಹೇಗೆ ಬರುತ್ತದೆ ಎಂಬುದಕ್ಕೂ ಆಲೆಮನೆಗೇ ಹೋಗೋಣ. ಗಾಣದಿಂದ ಕಬ್ಬಿನ ಹಾಲು ಬರುತ್ತಲೇ ಇರುತ್ತದೆ. ಕೊಪ್ಪರಿಗೆಯಲ್ಲಿ ಕಾಯುತ್ತದೆ. ಹದ ಬಂದ ಗಳಿಗೆಯಲ್ಲಿ ಅದನ್ನು ಇಳಿಸಿ ಅಚ್ಚಿಗೆ ಹಾಕುವವನು ಒಬ್ಬ ಬೇಕು. ಅವನು ಬರದಿದ್ದರೆ? ಗಾಣ ನಿಲ್ಲುವುದಿಲ್ಲ, ಒಲೆ ಆರುವುದಿಲ್ಲ, ಪಾಕ ಸೀಯುತ್ತದೆ. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸದ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಅಮೈನೊ ಆಮ್ಲಗಳಾಗುತ್ತದೆ. ಅವುಗಳಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಒಂದೇ ದಾರಿ ಹಿಡಿದು ಹೋಗುವ ದಾಯಾದಿಗಳು. ಆ ದಾರಿಯ ಎರಡನೇ ಮೆಟ್ಟಿಲಲ್ಲಿ ಒಂದು ಕಿಣ್ವ ಕೂತಿರುತ್ತದೆ, ನಮ್ಮ ಅಚ್ಚಿನಾಳಿನ ಹಾಗೆ. ಈ ಮಕ್ಕಳಲ್ಲಿ ಆ ಕಿಣ್ವ ಕೆಲಸಕ್ಕೆ ಬರುವುದಿಲ್ಲ. ಮೂರೂ ರಕ್ತದಲ್ಲಿ ಏರುತ್ತವೆ. ಅವುಗಳಲ್ಲಿ ಹೆಚ್ಚು ಹಾನಿ ಮಾಡುವುದು ಲ್ಯೂಸಿನ್. ಅದು ಮಿದುಳನ್ನು ಊದಿಸುತ್ತದೆ. ಮಂಪರು, ಕೀರಲು ಅಳು, ಬೆನ್ನು ಸೆಟೆಯುವುದು, ಫಿಟ್ಸ್ ಎಲ್ಲಕ್ಕೂ ಕಾರಣ ಅದೇ.

ಹಾಗಿದ್ದರೆ ಮಗು ಹುಟ್ಟುವಾಗಲೇ ಯಾಕೆ ಕಾಯಿಲೆ ಬೀಳುವುದಿಲ್ಲ? ಹೊಟ್ಟೆಯಲ್ಲಿದ್ದಾಗ ಮಗುವಿನ ಲೆಕ್ಕವನ್ನೆಲ್ಲ ತಾಯಿಯ ದೇಹ ತೀರಿಸುತ್ತಿರುತ್ತದೆ, ಮಾಸಿನ ಮೂಲಕ. ಹೊಕ್ಕುಳಬಳ್ಳಿ ಕತ್ತರಿಸಿದ ಮೇಲೆ ಮಗು ತನ್ನ ಕಾಲ ಮೇಲೆ ನಿಲ್ಲಬೇಕು. ತಾಯಿಯ ಹಾಲು ಇಳಿಯುತ್ತಾ ಬಂದ ಹಾಗೆ ಪ್ರೋಟೀನು ಒಳಗೆ ಹೋಗುತ್ತದೆ. ಹೊಸ ಮಗುವಿನ ಮೈಯೂ ಮೊದಲ ದಿನಗಳಲ್ಲಿ ತನ್ನದೇ ಪ್ರೋಟೀನನ್ನು ಒಂದಿಷ್ಟು ಕರಗಿಸಿಕೊಳ್ಳುತ್ತದೆ. ತೀವ್ರ ಬಗೆಯ ಕಾಯಿಲೆಯಲ್ಲಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆಯೊಳಗೆ ಕಿವಿಯ ಮೇಣದಲ್ಲಿ ಆ ಸಿಹಿ ವಾಸನೆ ಬಂದಿರುತ್ತದೆ. ಎರಡನೇ ದಿನದ ಕೊನೆಗೆ ಹಾಲು ಬಿಡುವುದು, ಕಿರಿಕಿರಿ. ನಾಲ್ಕೈದನೇ ದಿನಕ್ಕೆ ಮಂಪರು, ನಡುವೆ ಉಸಿರು ತಡೆದು ಹಿಡಿಯುವುದು, ಸೈಕಲ್ ತುಳಿದಂತೆ ಕಾಲಾಡಿಸುವುದು, ಒಮ್ಮೆ ಮೈ ಹತ್ತಿಯಂತೆ ಸಡಿಲ, ಇನ್ನೊಮ್ಮೆ ಕಟ್ಟಿಗೆಯಂತೆ ಬಿಗಿ. ಏಳರಿಂದ ಹತ್ತು ದಿನದೊಳಗೆ ಪ್ರಜ್ಞೆ ಹೋಗುತ್ತದೆ. ಆ ಅಜ್ಜಿ ನನಗೆ ಒಪ್ಪಿಸಿದ ದಿನಚರಿ ಹೆಚ್ಚುಕಡಿಮೆ ಇದೇ.

ಪಟ್ಟಿ ಕೇಳುವ ಓದುಗರಿಗೆ ನಾನು ಹೇಳಬೇಕಾದ್ದು ಇದನ್ನೇ. ಬಿಡಿ ಲಕ್ಷಣಗಳನ್ನು ನೋಡಬೇಡಿ, ಅವು ಬಂದ ಕ್ರಮ ನೋಡಿ. ಹುಟ್ಟಿನಿಂದಲೇ ಹಾಲು ಹಿಡಿಯಲು ತಡಕಾಡುವ ಮಗು ಬೇರೆ. ಅದಕ್ಕೆ ನೂರು ಸಣ್ಣ ಕಾರಣಗಳು. ಎರಡು ದಿನ ಚೆನ್ನಾಗಿ ಕುಡಿದು, ಆಮೇಲೆ ದಿನದಿಂದ ದಿನಕ್ಕೆ ಬಿಡುತ್ತಾ ಹೋಗುವ ಮಗು ಬೇರೆ. ‘ಚೆನ್ನಾಗಿತ್ತು, ಆಮೇಲೆ ಹೀಗಾಯ್ತು’ ಎಂಬ ಮಾತು ಬಂದರೆ ಅದೇ ಗಂಟೆಯಲ್ಲಿ ಮಕ್ಕಳ ಆಸ್ಪತ್ರೆಗೆ ಹೋಗಬೇಕು. ನಂಜಿರಬಹುದು, ಅದಕ್ಕೆ ಮದ್ದು ತಡಮಾಡದೆ ಶುರುವಾಗಲಿ. ಜೊತೆಗೇ ಇನ್ನೊಂದು ದಾರಿಯೂ ತೆರೆದಿರಲಿ: ಸಕ್ಕರೆ, ರಕ್ತದ ಆಮ್ಲದ ಅಂಶ, ಅಮೋನಿಯ, ಮೂತ್ರದಲ್ಲಿ ಕೀಟೋನು. ಈ ಕಾಯಿಲೆಯ ಒಂದು ಕಪಟ ಹೇಳಿಬಿಡುತ್ತೇನೆ. ಮಾಮೂಲಿ ರಕ್ತಪರೀಕ್ಷೆಗಳೆಲ್ಲ ಹೆಚ್ಚುಕಡಿಮೆ ಸರಿಯಾಗಿಯೇ ಬಂದು ವೈದ್ಯರನ್ನು ಮಲಗಿಸಿಬಿಡಬಹುದು. ಹಸುಗೂಸಿನ ಮೂತ್ರದಲ್ಲಿ ಕೀಟೋನು ಕಂಡರೆ ಮಾತ್ರ ಎಚ್ಚರವಾಗಲೇಬೇಕು, ಅದು ಅಲ್ಲಿರಬಾರದ ಅತಿಥಿ. ಕೊನೆಯ ತೀರ್ಪು ರಕ್ತದ ಅಮೈನೊ ಆಮ್ಲಗಳ ಪರೀಕ್ಷೆಯದು.

ಇನ್ನು ಮೆಂತ್ಯದ ವಿಷಯ. ಇದು ನಮ್ಮ ಮನೆಗಳಿಗೇ ಅಂಟಿದ ತೊಡಕು. ಮೇಪಲ್ ಪಾಕಕ್ಕೂ ಮೆಂತ್ಯಕ್ಕೂ ಆ ಘಮ ಕೊಡುವುದು ಒಂದೇ ವಸ್ತು, ಅದರ ಹೆಸರು ಸೊಟೊಲೋನ್. ಈ ಕಾಯಿಲೆಯ ಮಕ್ಕಳ ಮೂತ್ರದಲ್ಲಿ ಸಿಕ್ಕಿದ್ದೂ ಅದೇ. ನ್ಯೂಯಾರ್ಕ್ ನಗರದಲ್ಲಿ 2005ರಿಂದ ಆಗಾಗ ಊರೆಲ್ಲ ಮೇಪಲ್ ಪಾಕದ ವಾಸನೆ ಹರಡಿ ಜನ ಗಾಬರಿಯಾಗುತ್ತಿದ್ದರು. ನಾಲ್ಕು ವರ್ಷ ಹುಡುಕಿ 2009ರಲ್ಲಿ ಪತ್ತೆಹಚ್ಚಿದರೆ, ನದಿಯಾಚೆ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಮೆಂತ್ಯದ ಕಾಳನ್ನು ಸಂಸ್ಕರಿಸುತ್ತಿದ್ದರು! ಮಹಾನಗರವೇ ಏಮಾರಿದ ಮೇಲೆ ನಮ್ಮ ಪಾಡೇನು? ಬಾಣಂತಿಗೆ ಮೆಂತ್ಯದ ಉಂಡೆ, ಮೆಂತ್ಯದ ಗಂಜಿ ಕೊಡುವ ಮನೆಯಲ್ಲಿ ತಾಯಿಯ ಬೆವರು, ಮಗುವಿನ ಬಟ್ಟೆ ಘಮ್ಮೆನ್ನುವುದು ಸಹಜ. ಹೆರಿಗೆಗೆ ಮುಂಚೆ ತಾಯಿ ಮೆಂತ್ಯ ತಿಂದದ್ದಕ್ಕೆ ಆರೋಗ್ಯವಾಗಿದ್ದ ಕೂಸುಗಳಿಗೆ ಈ ಕಾಯಿಲೆಯೆಂದು ಅನುಮಾನಪಟ್ಟ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ನಾನು ಮಾಡಿದ್ದು ಅದರ ತಿರುಗುಮುರುಗು, ಕಾಯಿಲೆಯನ್ನೇ ಮೆಂತ್ಯವೆಂದೆ. ಹಾಗಾಗಿ ಒಂದು ಸರಳ ಲೆಕ್ಕ ಇಟ್ಟುಕೊಳ್ಳಿ. ವಾಸನೆ ಇದೆ, ಮಗು ಹಸಿದು ಅಳುತ್ತದೆ, ಜಗ್ಗಿ ಹಾಲು ಕುಡಿಯುತ್ತದೆ, ಬಾಣಂತಿ ಮೆಂತ್ಯ ತಿಂದಿದ್ದಾಳೆ ಎಂದರೆ ಹೆದರಬೇಡಿ, ವೈದ್ಯರಿಗೊಮ್ಮೆ ಹೇಳಿ ಎರಡು ದಿನ ಮೆಂತ್ಯ ನಿಲ್ಲಿಸಿ ನೋಡಿ. ವಾಸನೆ ಇದೆ, ಮಗು ಮಂಕಾಗಿದೆ ಎಂದರೆ ಮೆಂತ್ಯ ತಿಂದಿದ್ದರೂ ಸರಿ, ಬಿಟ್ಟಿದ್ದರೂ ಸರಿ, ಕಾಯಬೇಡಿ. ವಾಸನೆ ಬರಲಿಲ್ಲವೆಂದು ಮಂಕಾದ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪೇ.

ಮನೆಯವರ ಮೂಗನ್ನು ವೈದ್ಯರು ಲಘುವಾಗಿ ಕಾಣಬಾರದೆಂಬುದಕ್ಕೆ ಇತಿಹಾಸದಲ್ಲೂ ಸಾಕ್ಷಿ ಇದೆ. ನಾರ್ವೆಯಲ್ಲಿ ಬುದ್ಧಿ ಬೆಳೆಯದ ಇಬ್ಬರು ಮಕ್ಕಳ ತಾಯಿಯೊಬ್ಬರು, ಮಕ್ಕಳಿಗೆ ಒಂದು ವಿಚಿತ್ರ ವಾಸನೆ ಇದೆಯೆಂದು ವೈದ್ಯರಿಂದ ವೈದ್ಯರಿಗೆ ಅಲೆದರು. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬವರು ಆ ಮಾತನ್ನು ಗಂಭೀರವಾಗಿ ತೆಗೆದುಕೊಂಡು ಮೂತ್ರ ಪರೀಕ್ಷಿಸಿದರು. ಇವತ್ತು ಜಗತ್ತಿನಾದ್ಯಂತ ಕೂಸುಗಳಲ್ಲಿ ಹುಡುಕುವ ಫಿನೈಲ್‌ಕೀಟೋನೂರಿಯ ಪತ್ತೆಯಾದದ್ದು ಹಾಗೆ. ಐಸೊವ್ಯಾಲೆರಿಕ್ ಅಸಿಡೀಮಿಯ ಎಂಬ ಇನ್ನೊಂದು ದೋಷದಲ್ಲಿ ಮಗು ಬೆವರಿದ ಕಾಲ್ಚೀಲದಂತೆ ನಾರುತ್ತದೆ. ಇಂಥ ವಾಸನೆಗಳನ್ನು ಮೊದಲು ಹಿಡಿಯುವುದು ಮಗುವಿನ ಬಟ್ಟೆ ಒಗೆಯುವವರು.

ಎಲ್ಲ ಮಕ್ಕಳಲ್ಲೂ ಇದು ಮೊದಲ ವಾರದಲ್ಲೇ ಕಾಣಬೇಕೆಂದಿಲ್ಲ. ಕಿಣ್ವ ಅರೆಬರೆ ಕೆಲಸ ಮಾಡುವ ಮಕ್ಕಳೂ ಇದ್ದಾರೆ. ಅವರು ಓಡಾಡಿಕೊಂಡು, ಶಾಲೆಗೆ ಹೋಗಿಕೊಂಡು ಇರುತ್ತಾರೆ. ಜ್ವರವೋ ಭೇದಿಯೋ ಬಂದು ಎರಡು ಹೊತ್ತು ಊಟ ಬಿಟ್ಟರೆಂದರೆ ಕುಡಿದವರಂತೆ ತೂರಾಡುತ್ತಾರೆ, ಮಾತು ತೊದಲುತ್ತದೆ, ಎಬ್ಬಿಸಲಾರದಷ್ಟು ನಿದ್ದೆ, ಮೈಗೆ ಆ ವಾಸನೆ. ಹಸಿದಾಗ ದೇಹ ತನ್ನ ಸ್ನಾಯುವನ್ನೇ ಕರಗಿಸಿ ಉರಿಸುತ್ತದೆ. ಆ ಕರಗಿದ ಮಾಂಸದಿಂದಲೇ ಲ್ಯೂಸಿನ್ ರಕ್ತಕ್ಕೆ ಸುರಿಯುತ್ತದೆ. ‘ಜ್ವರ ಬಂದಾಗಲೆಲ್ಲ ನಮ್ಮ ಹುಡುಗನಿಗೆ ಹೀಗೇ ಆಗುತ್ತದೆ, ಆಮೇಲೆ ಸರಿಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನನಗೆ ಈಗ ಕಿವಿ ನೆಟ್ಟಗಾಗುತ್ತದೆ. ಬೇಳೆ, ಮೊಟ್ಟೆ, ಹಾಲು ಕಂಡರೆ ತಾನಾಗಿಯೇ ಮುಖ ತಿರುಗಿಸುವ ಮಗುವಾದರೆ ಇನ್ನೂ ಹೆಚ್ಚು.

ಮತ್ತೆ ಆ ಅಜ್ಜಿಗೆ ಬರುತ್ತೇನೆ. ಮೂರು ವಾರದ ಮೇಲೆ ಬೆಂಗಳೂರಿನ ವರದಿ ಬಂದಾಗ ಅವರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಕೇಳಿದ ಮೇಲೆ ತಿಳಿಯಿತು, ಬಾಣಂತಿಗೆ ಇದು ಎರಡನೇ ಮಗು. ಮೊದಲನೆಯದೂ ಹತ್ತೇ ದಿನಕ್ಕೆ ಹೋಗಿತ್ತು. ‘ಬಾಲಗ್ರಹ ಅಂದ್ರು, ಯಂತ್ರ ಕಟ್ಟಿಸಿದ್ವಿ’ ಎಂದರು. ಹಿಂದೆ ಸತ್ತ ಕೂಸಿನ ಬಗ್ಗೆ ನಾನು ಕೇಳಿಯೇ ಇರಲಿಲ್ಲ. ಮಗುವಿನ ತಂದೆ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಎಂದರೆ ಈ ಅಜ್ಜಿ ಮಗುವಿಗೆ ಅಪ್ಪನ ಕಡೆಯಿಂದ ಅಜ್ಜಿ, ಅವ್ವನ ಕಡೆಯಿಂದ ಮುತ್ತಜ್ಜಿ.

ಈ ಕಾಯಿಲೆ ಮಗುವಿಗೆ ಬರಬೇಕಾದರೆ ಕೆಟ್ಟ ಜೀನಿನ ಎರಡು ಪ್ರತಿ ಬೇಕು, ತಂದೆಯಿಂದ ಒಂದು, ತಾಯಿಯಿಂದ ಒಂದು. ಒಂದೇ ಪ್ರತಿ ಇರುವವರಿಗೆ ಏನೂ ಆಗುವುದಿಲ್ಲ, ನೂರು ವರ್ಷ ಬಾಳಬಹುದು. ನಮ್ಮೆಲ್ಲರ ಮೈಯಲ್ಲೂ ಇಂಥ ಒಂದೆರಡು ಮಲಗಿದ ದೋಷಗಳು ಇದ್ದೇ ಇವೆ. ಅಜ್ಜಿ ಅಥವಾ ಅವರ ಗಂಡನಲ್ಲಿದ್ದ ಒಂದು ಪ್ರತಿ ಮಗನಿಗೆ ಇಳಿದು, ಮಗಳ ದಾರಿಯಲ್ಲಿ ಮೊಮ್ಮಗಳಿಗೂ ಇಳಿದು, ಇಬ್ಬರ ಮದುವೆಯಲ್ಲಿ ಮತ್ತೆ ಕೂಡಿತ್ತು. ಅಕ್ಕನ ಮಗಳನ್ನು ಮದುವೆಯಾದಾಗ ಮಗುವಿನ ಯಾವುದೇ ಒಂದು ಜೀನಿನ ಎರಡೂ ಪ್ರತಿ ಹೀಗೆ ಒಂದೇ ಮೂಲದಿಂದ ಬರುವ ಸಾಧ್ಯತೆ ಎಂಟರಲ್ಲಿ ಒಂದು, ಸೋದರತ್ತೆ ಸೋದರಮಾವನ ಮಕ್ಕಳ ಮದುವೆಯಲ್ಲಿ ಹದಿನಾರರಲ್ಲಿ ಒಂದು. ನಾನಿದನ್ನು ಬೆರಳು ಮಡಿಚಿ ವಿವರಿಸುತ್ತಿದ್ದಾಗ ಅಜ್ಜಿ ಕೇಳಿದರು, ‘ಹಂಗಾದ್ರೆ ನನ್ನಿಂದ್ಲೇ ಬಂದದ್ದಾ ಇದು?’ ನಿಮ್ಮಿಂದಲೋ ನಿಮ್ಮ ಯಜಮಾನರಿಂದಲೋ, ಅವರಿಗೂ ಹಿಂದಿನವರಿಂದಲೋ ಬಂದಿರಬೇಕು, ಯಾರ ತಪ್ಪೂ ಅಲ್ಲ ಅಜ್ಜಿ ಎಂದೆ. ಅವರು ಮಾತಾಡಲಿಲ್ಲ. ಎಲೆ ಅಡಿಕೆ ಚೀಲದ ದಾರ ಬಿಚ್ಚಿದರು, ಮತ್ತೆ ಕಟ್ಟಿದರು.

ಸಂಬಂಧದಲ್ಲಿ ಮದುವೆಯಾದವರನ್ನು ಹೀಗಳೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ ಹುಟ್ಟಿದ ಕೂಸುಗಳ ತಂದೆತಾಯಿಯನ್ನು ವಿಚಾರಿಸಿದಾಗ ಸರಿಸುಮಾರು ಮೂರನೇ ಒಂದು ಪಾಲು ಸಂಬಂಧದಲ್ಲೇ ಮದುವೆಯಾದವರು. ಅವರಲ್ಲಿ ಬಹುಪಾಲಿನ ಮಕ್ಕಳು ಆರೋಗ್ಯವಾಗಿಯೇ ಇದ್ದವು. ಸಂಬಂಧವೇ ಇಲ್ಲದವರಿಗೂ ಈ ಕಾಯಿಲೆಯ ಮಗು ಹುಟ್ಟಬಹುದು. ಅಮೆರಿಕದ ಪೆನ್ಸಿಲ್ವೇನಿಯದ ಮೆನೊನೈಟ್ ಎಂಬ ಸಣ್ಣ ಕ್ರೈಸ್ತ ಪಂಗಡ ಕೆಲವೇ ಮೂಲಪುರುಷರಿಂದ ಬೆಳೆದದ್ದು. ಜಗತ್ತಿನಲ್ಲಿ ಸುಮಾರು 1,85,000 ಹೆರಿಗೆಗೆ ಒಂದರಂತೆ ಕಾಣುವ ಈ ಕಾಯಿಲೆ ಅವರಲ್ಲಿ ಸರಿಸುಮಾರು 400ಕ್ಕೆ ಒಂದು. ನಮ್ಮ ಒಳಪಂಗಡಗಳ ಮದುವೆಗಳನ್ನು ನೆನೆದರೆ ಈ ಮಾತು ದೂರದ್ದೆನಿಸುವುದಿಲ್ಲ. ಅಗತ್ಯವಿರುವುದು ಒಂದು ಪ್ರಶ್ನೆ: ಎರಡೂ ಕಡೆ ಕಾರಣ ತಿಳಿಯದೆ ಸತ್ತ ಹಸುಗೂಸುಗಳಿದ್ದವೇ? ಇದ್ದರೆ ಮುಂದಿನ ಬಸಿರಿಗೆ ಮೊದಲೇ ತಳಿತಜ್ಞರನ್ನು ಕಾಣಿ. ತಂದೆತಾಯಿ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದರೆ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಅಪಾಯ. ‘ಒಂದು ಹೋಯ್ತಲ್ಲ, ಇನ್ನು ಮೂರಕ್ಕೆ ಭಯವಿಲ್ಲ’ ಎಂಬ ಲೆಕ್ಕ ತಪ್ಪು; ಕವಡೆ ಪ್ರತಿ ಸಲವೂ ಹೊಸದಾಗಿಯೇ ಬೀಳುತ್ತದೆ.

ಪತ್ತೆಯಾದರೆ ದಾರಿ ಇದೆಯೇ? ಇದೆ, ಸುಲಭದ್ದಲ್ಲ. ಮೊದಲ ದಿನಗಳಲ್ಲಿ ಪ್ರೋಟೀನು ನಿಲ್ಲಿಸಿ ಗ್ಲೂಕೋಸು, ಕೊಬ್ಬಿನಿಂದ ಶಕ್ತಿ ತುಂಬುತ್ತಾರೆ, ಬೇಕಾದರೆ ಡಯಾಲಿಸಿಸ್ ಮಾಡಿ ಲ್ಯೂಸಿನ್ ಇಳಿಸುತ್ತಾರೆ. ಇದನ್ನು ಮನೆಯಲ್ಲಿ ಸಕ್ಕರೆ ನೀರು ಕುಡಿಸಿ ಮಾಡಲಾಗುವುದಿಲ್ಲ. ಆಮೇಲಿನದು ಜೀವನಪೂರ್ತಿ ಪಥ್ಯ. 1964ರಲ್ಲಿ ನ್ಯೂಯಾರ್ಕಿನ ಸೆಲ್ಮಾ ಸ್ನೈಡರ್‌ಮನ್ ತೋರಿಸಿಕೊಟ್ಟ ದಾರಿ ಇದು. ತಮಾಷೆಯೆಂದರೆ ಈ ಮೂರು ಅಮೈನೊ ಆಮ್ಲಗಳನ್ನು ದೇಹ ತಾನೇ ತಯಾರಿಸಲಾರದು. ಪೂರ್ತಿ ಬಿಟ್ಟರೆ ಮಗು ಬೆಳೆಯುವುದಿಲ್ಲ, ಹೆಚ್ಚಾದರೆ ವಿಷ. ನಾನು ಬಲ್ಲ ಒಂದು ಮನೆಯಲ್ಲಿ ಮೂರನೇ ತರಗತಿಯ ಹುಡುಗಿಯಿದ್ದಾಳೆ. ಒಲೆಯ ಪಕ್ಕ ಚಿನ್ನದಂಗಡಿಯವರದ್ದರ ಹಾಗಿರುವ ಪುಟ್ಟ ತಕ್ಕಡಿ. ಅನ್ನವೂ ತೂಕದಲ್ಲೇ, ಸಾರಿನ ತಿಳಿ ಚಮಚದಲ್ಲೇ. ಉಳಿದ ಪೋಷಣೆಗೆ ಆ ಮೂರನ್ನು ತೆಗೆದ ವಿಶೇಷ ಪುಡಿಯ ಹಾಲು. ಹಬ್ಬಕ್ಕೆ ಎಲ್ಲರಿಗೂ ಒಬ್ಬಟ್ಟು, ಅವಳಿಗೆ ಕೂವೆ ಹಿಟ್ಟಿನ ಮಣ್ಣಿ. ಸಬ್ಬಕ್ಕಿಯಲ್ಲೂ ಕೂವೆ ಹಿಟ್ಟಿನಲ್ಲೂ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಜ್ವರ ಬಂದರೆ ಓದಲೆಂದು ಆಸ್ಪತ್ರೆಯವರು ಕೊಟ್ಟ ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿದೆ. ಅವಳು ಬದುಕಿರುವುದಕ್ಕೆ ಕಾರಣ, ಹುಟ್ಟುವ ಮೊದಲು ಅಣ್ಣನೊಬ್ಬ ಹೋಗಿದ್ದ ಮತ್ತು ಯಾರೋ ಒಬ್ಬರು ಅವನ ಬಗ್ಗೆ ಕೇಳಿದ್ದರು.

ಯಕೃತ್ತಿನ ಕಸಿ ಇನ್ನೊಂದು ದಾರಿ. ಕಸಿಯಾದ ಮೇಲೆ ಹೆಚ್ಚಿನ ಮಕ್ಕಳು ಎಲ್ಲರಂತೆ ಉಣ್ಣಬಲ್ಲರು. ಇದರಲ್ಲೊಂದು ಬೆರಗಿದೆ. ಈ ಮಗುವಿನಿಂದ ತೆಗೆದ ಯಕೃತ್ತನ್ನು ಎಸೆಯಬೇಕಾಗಿಲ್ಲ. ಅದು ಬೇರೆ ಎಲ್ಲ ಕೆಲಸಕ್ಕೂ ಗಟ್ಟಿಮುಟ್ಟು. ಅದನ್ನು ಯಕೃತ್ತು ಕೆಟ್ಟ ಇನ್ನೊಬ್ಬರಿಗೆ ಕಸಿ ಮಾಡಿದರೆ, ಆ ಒಂದು ಕಿಣ್ವದ ಕೊರತೆಯನ್ನು ಅವರ ಸ್ನಾಯುಗಳೇ ತುಂಬಿಕೊಳ್ಳುತ್ತವೆ. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಕಸಿಗೂ ವಿಶೇಷ ಆಹಾರಕ್ಕೂ ಈ ಕಾಯಿಲೆಯ ಹೆಸರಿದೆ. ನೆರವಿನ ಮಿತಿ 50 ಲಕ್ಷ ರೂಪಾಯಿ. ಕರ್ನಾಟಕದವರಿಗೆ ಇದರ ಕೇಂದ್ರ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ.

ನನ್ನ ಬೇಸರ ಒಂದೇ. ಅಪ್ಪಾಜಿ ರಾವ್ ಅವರ ತಂಡ ಲಕ್ಷಕ್ಕೂ ಹೆಚ್ಚು ಕೂಸುಗಳ ರಕ್ತದ ಹನಿಗಳಲ್ಲಿ ಇಂಥ ದೋಷಗಳನ್ನು ಹುಡುಕಿತ್ತು. ದೇಶದಲ್ಲೇ ಮೊದಮೊದಲ ಪ್ರಯತ್ನಗಳಲ್ಲಿ ಒಂದು ನಮ್ಮ ನೆಲದಲ್ಲಿ ನಡೆಯಿತು. ಹಿಮ್ಮಡಿಗೆ ಒಂದು ಚುಚ್ಚು, ಕಾಗದದ ಮೇಲೆ ಕೆಲವು ಹನಿ, ಅಷ್ಟೇ. ಇವತ್ತಿಗೂ ಅದು ಬಹುಮಟ್ಟಿಗೆ ದುಡ್ಡಿರುವವರು ಕೇಳಿ ಮಾಡಿಸಿಕೊಳ್ಳುವ ಪರೀಕ್ಷೆಯಾಗಿಯೇ ಉಳಿದಿದೆ. ಎಲ್ಲ ಹೆರಿಗೆ ಆಸ್ಪತ್ರೆಯಲ್ಲೂ ಅದು ಬರಲಿ, ಬೇಗ ಬರಲಿ. ಬಂದ ಮೇಲೂ ಈ ಕಾಯಿಲೆಯ ವೇಗಕ್ಕೆ ವರದಿ ಸೋಲಬಹುದು. ಕಾಗದ ತಲುಪುವ ಮೊದಲೇ ಮಗು ಮಂಕಾಗಿರಬಹುದು. ಆಗ ಕೈಯಲ್ಲಿ ಉಳಿಯುವುದು ಕಣ್ಣು, ಮೂಗು ಮತ್ತು ಕೇಳುವ ಬಾಯಿ.

ಈಗ ಮಂಕಾದ ಯಾವ ಹಸುಗೂಸು ಬಂದರೂ ಕುಲಾವಿ ಸರಿಸಿ ಕಿವಿಯ ಹತ್ತಿರ ಮೂಸುತ್ತೇನೆ. ಜೊತೆಗಿರುವ ಕಿರಿಯ ವೈದ್ಯರು ಒಳಗೊಳಗೇ ನಗುತ್ತಾರೆ. ಮೊನ್ನೆ ಅವರಲ್ಲೊಬ್ಬಳು ನನಗಿಂತ ಮೊದಲೇ ಬಗ್ಗಿ ಮೂಸಿ, ‘ಮೆಂತ್ಯದ್ದು ಸರ್’ ಎಂದಳು. ಮಗು ಕೈಕಾಲು ಬಡಿಯುತ್ತಾ ಚೀರುತ್ತಿತ್ತು, ಹೆದರುವಂಥದ್ದೇನೂ ಕಾಣಲಿಲ್ಲ. ಆದರೂ ಕೇಳಿದೆ, ‘ಬಾಣಂತಿ ಏನು ತಿಂದಿದ್ದಾರೆ ಅಂತ ಅವರ ಅತ್ತೇನ ಕೇಳಿದ್ರೇನಮ್ಮಾ?’ ಅವಳು ಇಲ್ಲವೆಂದು ತಲೆಯಾಡಿಸಿ, ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದ ಹೆಂಗಸಿನ ಬಳಿಗೆ ಹೋದಳು.